ಪ್ರಶ್ನಾವಳಿಯ ಅನುವಾದ ಮತ್ತು ಭಾಷಾವಿಜ್ಞಾನ: ಜಾನೆಟ್ ಹಾರ್ಕ್‌ನೆಸ್ ಅವರ ಕೊಡುಗೆ

ಸಾರಾಂಶ: ಬಹುಭಾಷಿಕ ಸಮೀಕ್ಷೆಗಳ ಪ್ರಶ್ನಾವಳಿ ಅನುವಾದವನ್ನು ಕುರಿತು ಜಾನೆಟ್ ಹಾರ್ಕ್‌ನೆಸ್ ಪ್ರಕಟಿಸಿದ ಪ್ರಮುಖ ಬರಹಗಳನ್ನೂ ಅವುಗಳ ಪ್ರಭಾವವನ್ನೂ ಪ್ರಸ್ತುತ ಲೇಖನ ಪರಿಚಯಿಸುತ್ತದೆ. ಅನುವಾದದ ಸಮಾನತೆಯನ್ನು ಪಠ್ಯಗಳ ಹೋಲಿಕೆಯಿಂದಲ್ಲ, ದಾಖಲಿತ ಪ್ರಕ್ರಿಯೆಯ ಮೂಲಕ ಸಾಧಿಸಬೇಕೆಂಬುದು ಅವರ ಕೇಂದ್ರ ನಿಲುವು ಎಂದು ಇಲ್ಲಿ ವಾದಿಸಲಾಗಿದೆ. ಕನ್ನಡದ ಉದಾಹರಣೆಗಳು ಲೇಖಕರವು.

ಪ್ರಮುಖ ಪದಗಳು: ಸಮೀಕ್ಷಾ ವಿಧಾನ, ಹಿಮ್ಮುಖ ಅನುವಾದ, ಅರ್ಥಸಮಾನತೆ, ತಂಡ ಅನುವಾದ

1. ಹಿನ್ನೆಲೆ

ಎರಡು ಭಾಷಾಸಮುದಾಯಗಳ ಸಮೀಕ್ಷಾ ಫಲಿತಾಂಶಗಳನ್ನು ಹೋಲಿಸುವಾಗ, ಉತ್ತರಿಸಿದವರೆಲ್ಲರೂ ಒಂದೇ ಪ್ರಶ್ನೆಗೆ ಉತ್ತರಿಸಿದ್ದಾರೆ ಎಂಬ ಗೃಹೀತವಿರುತ್ತದೆ. ಮಾದರಿ ಆಯ್ಕೆಯಿಂದ ಬರುವ ದೋಷವನ್ನು ಸಂಖ್ಯಾಶಾಸ್ತ್ರದ ಸೂತ್ರಗಳಿಂದ ಅಂದಾಜಿಸಬಹುದು. ಅನುವಾದದಲ್ಲಿ ನುಸುಳಿದ ಅರ್ಥವ್ಯತ್ಯಾಸವಾದರೋ ದತ್ತಾಂಶದೊಳಗೆ ಬೆರೆತು, ಸಾಂಸ್ಕೃತಿಕ ವ್ಯತ್ಯಾಸದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಜರ್ಮನಿಯ ಮ್ಯಾನ್‌ಹೈಮ್‌ನ ಜೂಮಾ ಸಂಸ್ಥೆಯಲ್ಲಿಯೂ ಅನಂತರ ಅಮೆರಿಕದ ನೆಬ್ರಾಸ್ಕಾ–ಲಿಂಕನ್ ವಿಶ್ವವಿದ್ಯಾಲಯದಲ್ಲಿಯೂ ಕಾರ್ಯನಿರ್ವಹಿಸಿ, 2012ರಲ್ಲಿ ನಿಧನರಾದ ಹಾರ್ಕ್‌ನೆಸ್ ಅವರ ವಿದ್ವತ್ತು ಕೇಂದ್ರೀಕೃತವಾದದ್ದು ಈ ಸಮಸ್ಯೆಯ ಮೇಲೆ.

2. ಹಿಮ್ಮುಖ ಅನುವಾದದ ವಿಮರ್ಶೆ

ಅನುವಾದಿತ ಪ್ರಶ್ನೆಯನ್ನು ಮತ್ತೊಬ್ಬರಿಂದ ಮೂಲಭಾಷೆಗೆ ಮರಳಿಸಿ, ಎರಡು ಮೂಲಭಾಷಾ ಪಠ್ಯಗಳನ್ನು ಹೋಲಿಸುವುದೇ ಹಿಮ್ಮುಖ ಅನುವಾದ. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಪ್ರಕಟಿಸಿದ ಲೇಖನದ ತರುವಾಯ ಇದು ವ್ಯಾಪಕವಾಗಿ ಬಳಕೆಗೆ ಬಂದಿತು. 1998ರಲ್ಲಿ ಅಲಿಸ್ಸು ಶೌವಾ-ಗ್ಲುಸ್‌ಬರ್ಗ್ ಅವರೊಡನೆ ಬರೆದ ಲೇಖನದಿಂದ ಮೊದಲ್ಗೊಂಡು ಹಾರ್ಕ್‌ನೆಸ್ ಈ ಪದ್ಧತಿಯ ಮಿತಿಗಳನ್ನು ವಿಶದಪಡಿಸಿದರು. ಪರೀಕ್ಷೆಗೆ ಒಳಗಾಗಬೇಕಾದದ್ದು ಲಕ್ಷ್ಯಭಾಷೆಯ ಪಠ್ಯ. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಅದರ ನೆರಳು ಮಾತ್ರ.

ಕನ್ನಡದಲ್ಲಿ ಈ ಮಿತಿಯನ್ನು ಸುಲಭವಾಗಿ ತೋರಿಸಬಹುದು. ಇಂಗ್ಲಿಷ್ ಮಾಪನಗಳ ಮಧ್ಯಮ ಆಯ್ಕೆಯನ್ನು 'ಒಪ್ಪುವುದೂ ಇಲ್ಲ, ಒಪ್ಪದಿರುವುದೂ ಇಲ್ಲ' ಎಂದು ಅನುವಾದಿಸಿದರೆ ಅದು ಮೂಲಕ್ಕೆ ಬಹುತೇಕ ಯಥಾವತ್ತಾಗಿ ಮರಳುತ್ತದೆ. ಆದರೆ ಸಂದರ್ಶಕರು ಅದನ್ನು ಓದಿ ಹೇಳಿದಾಗ, ಸಾಲುಗಟ್ಟಿದ ನಿಷೇಧರೂಪಗಳನ್ನು ಬಿಡಿಸಿಕೊಳ್ಳುವ ಹೊರೆ ಕೇಳುಗರ ಮೇಲೆ ಬೀಳುತ್ತದೆ. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಬದುಕಿನ ಬಗೆಗಿನ ಪ್ರಶ್ನೆಯಲ್ಲಿ 'ತೃಪ್ತಿ'ಗಿಂತ 'ಸಮಾಧಾನ' ಕೆಲವರಿಗೆ ಹೆಚ್ಚು ಸಹಜವೆನಿಸಬಹುದು. ಆದರೆ ಮರಳಿಸುವಾಗ ಅದು 'ಶಾಂತಿ' ಅಥವಾ 'ಸಾಂತ್ವನ'ವಾಗಿ ಮಾರ್ಪಟ್ಟು ದೋಷವೆಂದು ಪರಿಗಣಿತವಾಗುವ ಸಂಭವವಿದೆ. ಹೀಗೆ ಈ ಪದ್ಧತಿ ಶಬ್ದಶಃ ಅನುವಾದಕ್ಕೆ ಮನ್ನಣೆ ನೀಡಿ, ಬಳಕೆಗೆ ಹೊಂದುವ ಅನುವಾದವನ್ನು ಶಂಕಿಸುತ್ತದೆ.

3. ಪರ್ಯಾಯ ಮಾದರಿ

ಹಾರ್ಕ್‌ನೆಸ್ ರೂಪಿಸಿದ 'ಟ್ರ್ಯಾಪ್ಡ್' ಮಾದರಿಯಲ್ಲಿ ಐದು ಹಂತಗಳಿವೆ: ಅನುವಾದ, ಪರಿಶೀಲನೆ, ನಿರ್ಣಯ, ಪೂರ್ವಪರೀಕ್ಷೆ, ದಾಖಲೀಕರಣ. ಇಬ್ಬರು ಅನುವಾದಕರು ಸ್ವತಂತ್ರವಾಗಿ ಕರಡುಗಳನ್ನು ಸಿದ್ಧಪಡಿಸುತ್ತಾರೆ. ಅನುವಾದದಲ್ಲಿಯೂ ಸಮೀಕ್ಷಾ ವಿಧಾನದಲ್ಲಿಯೂ ಪರಿಣತಿಯುಳ್ಳವರ ಜೊತೆ ಕುಳಿತು ಅವುಗಳನ್ನು ಚರ್ಚಿಸುತ್ತಾರೆ. ನಿರ್ಣಾಯಕರು ಅಂತಿಮ ಪಾಠವನ್ನು ಗೊತ್ತುಪಡಿಸಿದ ಮೇಲೆ ಅದನ್ನು ಪ್ರತಿಕ್ರಿಯಿಸುವವರ ನಡುವೆ ಪರೀಕ್ಷಿಸಲಾಗುತ್ತದೆ. ಭಾಷಾವಿಜ್ಞಾನಿಗಳಿಗೆ ಇವುಗಳಲ್ಲಿ ಹೆಚ್ಚು ಮಹತ್ತ್ವದ್ದು ದಾಖಲೀಕರಣ. ಯಾವ ರೂಪವನ್ನು ಏಕೆ ಕೈಬಿಡಲಾಯಿತು ಎಂಬ ಟಿಪ್ಪಣಿಯೇ ಮುಂದಿನ ವಿಶ್ಲೇಷಕರಿಗೆ ಸಾಕ್ಷ್ಯವಾಗುತ್ತದೆ.

4. ಪ್ರಭಾವ

ಫಾನ್ಸ್ ಫಾನ್ ಡೆ ವೈವರ್ ಮತ್ತು ಪೀಟರ್ ಮೋಲರ್ ಅವರೊಡನೆ 2003ರಲ್ಲಿ ಸಂಪಾದಿಸಿದ 'ಕ್ರಾಸ್-ಕಲ್ಚರಲ್ ಸರ್ವೇ ಮೆಥಡ್ಸ್' ಈ ಕ್ಷೇತ್ರದ ಆಧಾರಗ್ರಂಥಗಳಲ್ಲೊಂದು. ಹಲವು ವಿದ್ವಾಂಸರೊಡನೆ ಸಂಪಾದಿಸಿದ ಮತ್ತೊಂದು ಬೃಹತ್ ಸಂಪುಟ 2010ರಲ್ಲಿ ಪ್ರಕಟವಾಯಿತು. ಆದರೆ ಉಲ್ಲೇಖಗಳಿಗಿಂತ ಆಚರಣೆಯಲ್ಲಿಯೇ ಅವರ ಪ್ರಭಾವ ಸ್ಪಷ್ಟವಾಗಿ ಕಾಣುತ್ತದೆ. 2002ರಲ್ಲಿ ಮೊದಲ ಸುತ್ತಿನ ಕ್ಷೇತ್ರಕಾರ್ಯ ಆರಂಭಿಸಿದ ಯುರೋಪಿಯನ್ ಸಾಮಾಜಿಕ ಸಮೀಕ್ಷೆಯು ಈ ಮಾದರಿಯನ್ನು ಅಳವಡಿಸಿಕೊಂಡಿತು. ಪ್ರತಿ ದೇಶದಲ್ಲಿ ಶೇಕಡಾ 5 ಅಥವಾ ಹೆಚ್ಚಿನವರು ಮೊದಲ ಭಾಷೆಯಾಗಿ ಆಡುವ ಭಾಷೆಗಳಿಗೆಲ್ಲ ಪ್ರಶ್ನಾವಳಿಯನ್ನು ಅನುವಾದಿಸಬೇಕೆಂಬ ನಿಯಮ ಆ ಸಮೀಕ್ಷೆಯಲ್ಲಿದೆ. ಯುವ ಸಂಶೋಧಕರ ಪ್ರಬಂಧಗಳಿಗಾಗಿ ಹಾರ್ಕ್‌ನೆಸ್ ಹೆಸರಿನಲ್ಲಿ ಪ್ರಶಸ್ತಿಯೊಂದು ಸ್ಥಾಪಿತವಾಗಿದೆ.

5. ಮಿತಿಗಳು ಮತ್ತು ಸಮಾರೋಪ

ಈ ಮಾದರಿ ಹೆಚ್ಚಿನ ಕಾಲವನ್ನೂ ವೆಚ್ಚವನ್ನೂ ಬೇಡುತ್ತದೆ. ತಂಡದ ಒಮ್ಮತವು ಅರ್ಥಸಮಾನತೆಗೆ ಪ್ರಮಾಣವಲ್ಲ. ಎಲ್ಲ ಸದಸ್ಯರೂ ಒಂದೇ ಶಿಷ್ಟ ಪ್ರಭೇದದವರಾಗಿದ್ದರೆ ಪ್ರಾದೇಶಿಕ ಬಳಕೆಗಳು ಅವರ ಗಮನಕ್ಕೆ ಬಾರದೆ ಹೋಗಬಹುದು. ಮೂಲಪಾಠ ಅಂತಿಮಗೊಂಡ ಮೇಲೆ ಅನುವಾದ ಆರಂಭವಾದರೆ, ಅನುವಾದಕರು ಗುರುತಿಸಿದ ತೊಡಕುಗಳನ್ನು ಮೂಲದಲ್ಲಿ ಸರಿಪಡಿಸುವ ಅವಕಾಶವೂ ಇರುವುದಿಲ್ಲ. ಆದುದರಿಂದಲೇ ಕರಡು ಹಂತದಲ್ಲಿಯೇ ಮೂಲಪಾಠವನ್ನು ಅನುವಾದಿಸಿ ನೋಡುವ ಕ್ರಮ ಮಹತ್ತ್ವ ಪಡೆದಿದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತಹ ಭಾರತೀಯ ಸಮೀಕ್ಷೆಗಳಲ್ಲಿ ಕನ್ನಡವೂ ಸಂದರ್ಶನದ ಭಾಷೆ. ಅಂತಹ ಪ್ರಶ್ನಾವಳಿಯ ಜೊತೆಗೆ ಅನುವಾದದ ತೀರ್ಮಾನಗಳ ದಾಖಲೆಯೂ ದೊರೆತರೆ, ಜಿಲ್ಲೆಯಿಂದ ಜಿಲ್ಲೆಗೆ ಕಾಣುವ ಅಂತರವು ಜನರ ಬದುಕಿನದೋ ಪ್ರಶ್ನೆಯ ಮಾತಿನದೋ ಎಂದು ವಿವೇಚಿಸಲು ಆಧಾರ ಒದಗುತ್ತದೆ. ಹಾರ್ಕ್‌ನೆಸ್ ಅವರ ಬರಹಗಳು ಭಾಷಾವಿಜ್ಞಾನಿಗಳಿಗೆ ಒಪ್ಪಿಸಿರುವ ಹೊಣೆ ಇದೇ.