ಗೆಳೆಯನ ನಾಲ್ಕು ಪುಟದ ಬಯೋಡೇಟಾ

ಕಳೆದ ಭಾನುವಾರ ಬೆಳಿಗ್ಗೆ ಸಿಕಂದರಾಬಾದಿನ ಮಾರೇಡ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಚಹಾ ಹಿಡಿದು ಕುಳಿತಿದ್ದೆ. ಬೆಂಗಳೂರಿನಿಂದ ಗೆಳೆಯನ ಮೆಸೇಜ್ ಬಂತು. ‘ಲೋ, ಪ್ರಮೋಷನ್ ಇಂಟರ್‌ವ್ಯೂ ಇದೆ. ಬಯೋಡೇಟಾ ಕಳಿಸಿದೀನಿ. ಸ್ಪೆಲಿಂಗು, ಅಲೈನ್‌ಮೆಂಟು ಸ್ವಲ್ಪ ನೋಡಿಕೊಡೋ.’

ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ನಮ್ಮ ಜೊತೆ ಎಂಟೆಕ್ ಸೇರಿದವನು ಅವನು. ಈಗ ವಿಜ್ಞಾನಿ. ಹನ್ನೆರಡು ವರ್ಷಗಳ ಸಂಶೋಧನೆ ನಾಲ್ಕೇ ಪುಟದಲ್ಲಿತ್ತು. ವಿಷಯ ಎರಡೇ: ನಿರ್ವಾತ ಎಲೆಕ್ಟ್ರಾನಿಕ್ಸ್ ಮತ್ತು ಪಲ್ಸ್ಡ್ ಪವರ್. ಇದೇ ಅವಧಿಯಲ್ಲಿ ನಾನು ನಾಲ್ಕು ಕಂಪನಿ ಬದಲಿಸಿದ್ದೇನೆ. ನಾನು ಬರೆದ ಕೋಡ್‌ನಲ್ಲಿ ಮೂರು ವರ್ಷ ಬದುಕಿದ್ದು ಅಪರೂಪ.

ವಾಲ್ವ್ ರೇಡಿಯೊ ತಾತನ ಕಾಲಕ್ಕೇ ಮುಗಿಯಿತಲ್ಲ, ಇನ್ನೆಲ್ಲಿಯ ನಿರ್ವಾತ ನಳಿಕೆ ಎನ್ನಬೇಡಿ. ನಿಮ್ಮ ಅಡುಗೆಮನೆಯ ಮೈಕ್ರೋವೇವ್ ಓವನ್ನಿನಲ್ಲಿ ಅನ್ನ ಬಿಸಿ ಮಾಡುವ ಮ್ಯಾಗ್ನೆಟ್ರಾನ್ ಕೂಡ ನಿರ್ವಾತ ನಳಿಕೆಯೇ. ಉಪಗ್ರಹ, ರೇಡಾರ್‌ಗಳಲ್ಲಿ ಅದರ ದಾಯಾದಿ ಟ್ರಾವೆಲಿಂಗ್ ವೇವ್ ಟ್ಯೂಬ್ ಇಂದಿಗೂ ದುಡಿಯುತ್ತಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಕಂಡುಹಿಡಿದ ರುಡಾಲ್ಫ್ ಕಾಂಪ್ಫ್ನರ್ ಓದಿದ್ದು ವಾಸ್ತುಶಿಲ್ಪ!

ಬಾಲ್‌ಪೆನ್ನಿನ ಸ್ಪ್ರಿಂಗನ್ನು ನೆನಪಿಸಿಕೊಳ್ಳಿ. ಅಂಥದೊಂದು ಸುರುಳಿಯ ನಡುವೆ ಎಲೆಕ್ಟ್ರಾನುಗಳ ಎಳೆ ಹಾಯುತ್ತದೆ. ದುರ್ಬಲ ಸಂಕೇತ ತಂತಿ ಹಿಡಿದು ಸುತ್ತಿ ಸುತ್ತಿ ಬರುವುದರಿಂದ ಅದು ಮುಂದೆ ಸಾಗುವ ವೇಗ ಎಲೆಕ್ಟ್ರಾನುಗಳ ವೇಗಕ್ಕೆ ಇಳಿಯುತ್ತದೆ. ಜೊತೆಜೊತೆಯಾಗಿ ಸಾಗುವಾಗ ಎಲೆಕ್ಟ್ರಾನುಗಳು ತಮ್ಮ ಶಕ್ತಿಯನ್ನು ಸಂಕೇತಕ್ಕೆ ಕೊಡುತ್ತವೆ. ಅದು ಸಾವಿರಾರು ಪಟ್ಟು ಬಲಗೊಂಡು ಹೊರಬರುತ್ತದೆ. ಹೇಳುವುದು ಸುಲಭ, ಮಾಡುವುದು ಕಷ್ಟ. ಒಳಗಿನ ಒತ್ತಡ ಹೊರಗಿನ ಗಾಳಿಯ ನೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಇರಬೇಕು, ವರ್ಷಗಟ್ಟಲೆ ಹಾಗೆಯೇ ಉಳಿಯಬೇಕು. ಇಂಥ ನಳಿಕೆಗಳ ಸಂಶೋಧನೆಗೆಂದೇ ಡಿಆರ್‌ಡಿಒ 1984ರಲ್ಲಿ ಬೆಂಗಳೂರಿನಲ್ಲಿ ಎಂಟಿಆರ್‌ಡಿಸಿ ಎಂಬ ಪ್ರಯೋಗಾಲಯ ತೆರೆಯಿತು. ಜಾಲಹಳ್ಳಿಯ ಬಿಇಎಲ್ ಆವರಣದ ಮುಂದೆ ಓಡಾಡುವ ಎಷ್ಟು ಜನರಿಗೆ ಇದು ಗೊತ್ತು?

ಪಲ್ಸ್ಡ್ ಪವರ್ ಎಂದರೆ ಹನಿಹನಿಯಾಗಿ ತುಂಬಿದ ತೊಟ್ಟಿಯನ್ನು ಒಂದೇ ಏಟಿಗೆ ಮಗುಚಿದ ಹಾಗೆ. 10 ವ್ಯಾಟ್ ಎಲ್‌ಇಡಿ ಬಲ್ಬು 10 ಸೆಕೆಂಡಿನಲ್ಲಿ ಬಳಸುವುದು 100 ಜೌಲ್. ಅಷ್ಟನ್ನೇ ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ, ಅಂದರೆ 100 ನ್ಯಾನೊಸೆಕೆಂಡಿನಲ್ಲಿ ಸುರಿದರೆ 1000 ಮೆಗಾವ್ಯಾಟ್. ಆ ಕ್ಷಣದ ಮಟ್ಟಿಗೆ ಹೆಚ್ಚುಕಡಿಮೆ ನಮ್ಮ 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರದಷ್ಟು! ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ‘ಕಾಲಿ’ ಯಂತ್ರವೂ ಇದೇ ಜಾತಿಯದು. ವಾಟ್ಸಾಪ್‌ನಲ್ಲಿ ಅದನ್ನು ಶತ್ರುವನ್ನು ಸುಡುವ ಮಾಯಾಸ್ತ್ರ ಮಾಡಿಬಿಟ್ಟಿದ್ದಾರೆ. ನಿಜದಲ್ಲಿ ಅದು ಎಲೆಕ್ಟ್ರಾನುಗಳಿಗೆ ವೇಗ ಕೊಡುವ ಯಂತ್ರ.

ಈ ಕ್ಷೇತ್ರದ ಹಿರಿಯ, ಬ್ರಿಟನ್ನಿನ ಜೆ.ಸಿ. ಮಾರ್ಟಿನ್ 1960ರ ದಶಕದಿಂದ ಆಲ್ಡರ್‌ಮಾಸ್ಟನ್‌ನಲ್ಲಿ ಮಾಡಿದ ಕೆಲಸದ ಬಹುಪಾಲು ಇದ್ದದ್ದು ಸಹೋದ್ಯೋಗಿಗಳಿಗೆಂದು ಬರೆದ ಟಿಪ್ಪಣಿಗಳಲ್ಲಿ. 1996ರಲ್ಲಿ ಅವನ್ನು ಒಟ್ಟುಮಾಡಿ ಪುಸ್ತಕವಾಗಿ ತಂದರು. ಕೆಲಸ ದೊಡ್ಡದಿದ್ದೂ ಪ್ರಕಟಣೆಗಳ ಪಟ್ಟಿಯಲ್ಲಿ ಅದು ಕಾಣದೇ ಇರಬಹುದು.

ಗೆಳೆಯನ ಪಟ್ಟಿಯೂ ಹಾಗೆಯೇ. ಹೆಚ್ಚಿನ ಪ್ರಬಂಧಗಳಲ್ಲಿ ಅವನ ಹೆಸರು ನಾಲ್ಕನೆಯದೋ ಐದನೆಯದೋ. ಎರಡನೇ ಪುಟದಲ್ಲಿ ಒಂದು ಸಾಲು: ‘ಸೆರಾಮಿಕ್–ಲೋಹ ಬೆಸುಗೆಯ ಸುಧಾರಣೆ’. ಅದನ್ನು ಓದಿ ಸುಮ್ಮನೆ ಕುಳಿತೆ. ಆ ಒಂದು ಸಾಲಿಗೆ ಮೂರು ವರ್ಷ ಹಿಡಿದಿತ್ತು. ಕಣ್ಣಿಗೆ ಕಾಣದ ಸೋರಿಕೆ, ಮತ್ತೆ ಮತ್ತೆ ಹಾಳಾಗುವ ನಳಿಕೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ಇವತ್ತೂ ಹೋಯ್ತು ಕಣೋ’ ಎನ್ನುತ್ತಿದ್ದ. ಅವನಮ್ಮ ಊರಿನಲ್ಲಿ ‘ಮಗ ಟ್ಯೂಬ್‌ಲೈಟ್ ಮಾಡ್ತಾನೆ’ ಎಂದು ಹೇಳಿಕೊಂಡು ಬಂದಿದ್ದಾರೆ. ಅವನೂ ತಿದ್ದಲು ಹೋಗಿಲ್ಲ.

ಎಂಟೆಕ್ ಮುಗಿಯುವಾಗ ನಮ್ಮಿಬ್ಬರಿಗೂ ರಿಸರ್ಚ್ ಫೆಲೋಶಿಪ್ ಇಂಟರ್‌ವ್ಯೂಗೆ ಕರೆ ಬಂದಿತ್ತು. ಅಪ್ಪನ ಬೋರ್‌ವೆಲ್ ಸಾಲ ತಲೆಯ ಮೇಲಿತ್ತು. ನಾನು ಹೋಗಲಿಲ್ಲ, ಸಾಫ್ಟ್‌ವೇರ್ ಕೆಲಸ ಹಿಡಿದು ಹೈದರಾಬಾದಿನ ರೈಲು ಹತ್ತಿದೆ. ಸಾಲ ತೀರಿತು, ತಂಗಿಯ ಓದೂ ಆಯಿತು. ಆ ನಿರ್ಧಾರ ತಪ್ಪು ಎಂದು ಇವತ್ತಿಗೂ ಅನ್ನಿಸಿಲ್ಲ. ಆದರೆ ‘ಇವತ್ತೂ ಹೋಯ್ತು’ ಎಂದು ಮೂರು ವರ್ಷ ಒಂದೇ ವಿಷಯಕ್ಕೆ ಹೇಳಿಕೊಳ್ಳುವಂಥ ಕೆಲಸ ನನ್ನ ಪಾಲಿಗೆ ಬರಲಿಲ್ಲವಲ್ಲ ಎಂಬುದು ಆ ಭಾನುವಾರ ಚುಚ್ಚಿತು.

ಅಲೈನ್‌ಮೆಂಟ್ ಸರಿಮಾಡಿ ಕಳಿಸಿದೆ. ‘ಬೆಸುಗೆಯದ್ದು ಇನ್ನೂ ನಾಲ್ಕು ಸಾಲು ಬರೆಯೋ, ಮೂರು ವರ್ಷ ಅಲ್ವಾ’ ಎಂದೆ.

‘ಬೇಡ ಬಿಡೋ’ ಎಂದ. ‘ನಳಿಕೆ ಸೋರ್ತಿಲ್ಲ, ಸಾಕು.’