ಡಬ್ಬಕ್ಕಿಂತ ಮುಚ್ಚಳ ಮುಖ್ಯ

ಹೋದ ಮಳೆಗಾಲದಲ್ಲಿ ಅಮ್ಮ ಮಂಡ್ಯದಿಂದ ನಮ್ಮ ಗದ್ದೆಯ 25 ಕೆಜಿ ಅಕ್ಕಿ ಕಳಿಸಿದ್ರು. ಬೆಂಗಳೂರಿನ ಫ್ಲಾಟ್‌ನಲ್ಲಿ ಕಣಜ ಎಲ್ಲಿಂದ ಬರಬೇಕು? ಖಾಲಿ ಪೇಂಟ್ ಬಕೆಟ್ ತೊಳೆದು ತುಂಬಿಟ್ಟೆ. ಎರಡೇ ತಿಂಗಳಿಗೆ ಮುಗ್ಗಲು ವಾಸನೆ, ಜೊತೆಗೆ ಹುಳ. ಅಷ್ಟೂ ಚೆಲ್ಲಿದೆ. ಅಮ್ಮನಿಗೆ ಹೇಳೋಕೆ ಒಂದು ವಾರ ಬೇಕಾಯ್ತು.

"ಅಜ್ಜ ಹಗೇವಿನಲ್ಲಿ ರಾಗಿನ ವರ್ಷಗಟ್ಟಲೆ ಇಡ್ತಿದ್ರಲ್ಲೋ" ಅಂದ್ರು. ನಿಜ. ನೆಲದೊಳಗಿನ ಆ ಗುಂಡಿಯ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಆಮ್ಲಜನಕ ಕಡಿಮೆಯಾಗಿ ಹುಳ ಸಾಯುತ್ತೆ. ಅದಕ್ಕೇ ತೆಗೆದ ಕೂಡಲೇ ಯಾರೂ ಇಳೀತಿರಲಿಲ್ಲ, ಮೊದಲು ದೀಪ ಇಳಿಸಿ ನೋಡ್ತಿದ್ರು.

ಹಾಗಾಗಿ ಈ ಸಲ ನಾನು ಮುಚ್ಚಳ ನೋಡಿ ಡಬ್ಬ ಕೊಂಡೆ. ಕುಕ್ಕರ್‌ಗಿರೋ ಥರ ಗ್ಯಾಸ್ಕೆಟ್ ಇರಬೇಕು. ಕಾಗದದ ಚೂರೊಂದನ್ನು ಸಿಕ್ಕಿಸಿ ಮುಚ್ಚಿ, ಎಳೆಯಿರಿ; ಸಲೀಸಾಗಿ ಬಂದರೆ ಆ ಡಬ್ಬ ಬೇಡ. ಹೊಳೆಯೋ ಸ್ಟೀಲ್ ಡ್ರಮ್ಮುಗಳಲ್ಲಿ ಎಷ್ಟೋ ಇಲ್ಲೇ ಸೋಲುತ್ತವೆ. ಆದರೆ ಇಲಿ ಕಾಟ ಇರೋ ಮನೆಗೆ ಸ್ಟೀಲೇ ಸರಿ, ಪ್ಲಾಸ್ಟಿಕ್ಕನ್ನು ಅದು ಕಡಿದುಬಿಡುತ್ತೆ. ಪ್ಲಾಸ್ಟಿಕ್ ಆದ್ರೆ ತಳದ ತ್ರಿಕೋನದಲ್ಲಿ 2 ಅಥವಾ 5 ಇರಲಿ. ಆ ಅಂಕಿ ಯಾವ ಪ್ಲಾಸ್ಟಿಕ್ ಅಂತ ಮಾತ್ರ ಹೇಳುತ್ತೆ. ಆಹಾರಕ್ಕೆ ಆಗುತ್ತಾ ಅನ್ನೋಕೆ ಲೋಟ-ಫೋರ್ಕ್ ಚಿಹ್ನೆ ಹುಡುಕಿ. ನನ್ನ ಪೇಂಟ್ ಬಕೆಟ್‌ನಲ್ಲಿ ಅದು ಇರಲಿಲ್ಲ, ನಾನು ನೋಡಿಯೂ ಇರಲಿಲ್ಲ.

ತೇವ ಇದ್ದ ಕಾಳನ್ನು ಗಾಳಿಯಾಡದ ಹಾಗೆ ಮುಚ್ಚಿದರೆ ಬೂಷ್ಟು ಗ್ಯಾರಂಟಿ. ಅಕ್ಕಿಯನ್ನ ನೆರಳಲ್ಲಿ ಹರಡಿ ಆರಿಸಿ. ಹಲ್ಲಿಗೆ ಕಟ್ ಅನ್ನಬೇಕು. ದಿನಾ ತೆಗೆಯೋಕೆ ಬೇರೆ ಚಿಕ್ಕ ಡಬ್ಬಿ ಇಟ್ಕೊಳ್ಳಿ.

ಈ ವರ್ಷದ ಅಕ್ಕಿ ಇನ್ನೂ ಬಂದಿಲ್ಲ. ಮೊದಲು ಡಬ್ಬದ ಫೋಟೊ ಕಳಿಸಬೇಕಂತೆ.