ಮಾಸುತ್ತಿರುವ ಶಿಲಾರೇಖೆಗಳು

ಸಿಡ್ನಿ ಎಂದೊಡನೆ ನಮ್ಮ ಕಣ್ಣಮುಂದೆ ಸುಳಿಯುವುದು ಬಂದರದ ಕಮಾನುಸೇತುವೆ, ಕಡಲಂಚಿನ ಬಿಳಿಯ ಸಂಗೀತಮಂದಿರ. ಆದರೆ ಆಸ್ಟ್ರೇಲಿಯದ ಆ ಮಹಾನಗರದ ಉತ್ತರದ ಅಂಚಿನಲ್ಲಿ, ನೀಲಗಿರಿ ಮರಗಳ ಕಾಡಿನೊಳಗೆ, ಮೂಲನಿವಾಸಿಗಳ ಚಿತ್ರಶಾಲೆಯೊಂದು ಬಯಲಿನಲ್ಲಿಯೇ ಹರಡಿಕೊಂಡಿದೆಯೆಂಬುದನ್ನು ಬಲ್ಲವರು ವಿರಳ. 1894ರಲ್ಲಿ ಸ್ಥಾಪಿತವಾದ ಕುರಿಂಗ್‌ಗೈ ಚೇಸ್ ರಾಷ್ಟ್ರೀಯ ಉದ್ಯಾನವೇ ಆ ತಾಣ.

ಅಲ್ಲಿಯ ಬೆಟ್ಟಗಳೆಲ್ಲ ಮರಳುಗಲ್ಲಿನವು. ಅವುಗಳ ನೆತ್ತಿಯಲ್ಲಿ ಒಕ್ಕಲು ಕಣದಂತೆ ಸಮತಟ್ಟಾಗಿ ಹಾಸಿರುವ ಬಂಡೆಗಳ ಮೇಲೆ ಕಾಂಗರೂ, ಮೀನು, ತಿಮಿಂಗಿಲ, ಗುರಾಣಿ, ಹೆಜ್ಜೆಗುರುತು, ಪೂರ್ವಜ ದೇವತೆಗಳು—ಹೀಗೆ ನಾನಾ ಆಕೃತಿಗಳನ್ನು ಕೊರೆಯಲಾಗಿದೆ. ಲೋಹದ ಉಪಕರಣವಿಲ್ಲದ ಆ ಶಿಲ್ಪಿಗಳ ವಿಧಾನ ಸರಳವಾದುದು. ನಮ್ಮ ಗೃಹಿಣಿಯರು ರಂಗೋಲಿಗೆ ಚುಕ್ಕೆಯಿಡುವಂತೆ, ಮೊದಲು ಮೊನಚಾದ ಕಲ್ಲಿನಿಂದ ಆಕೃತಿಯ ಅಂಚಿನುದ್ದಕ್ಕೂ ಸಣ್ಣ ಕುಳಿಗಳ ಸಾಲನ್ನು ತೋಡುವರು. ಬಳಿಕ ಕುಳಿಗಳ ನಡುವಣ ಕಲ್ಲನ್ನು ತೇಯ್ದು ಅವನ್ನು ಒಂದೇ ಗೆರೆಯಾಗಿ ಕೂಡಿಸುವರು. ನಡುಹಗಲಿನಲ್ಲಿ ಹೋದವರಿಗೆ ಅಲ್ಲಿ ಕಾಣುವುದು ಬರಿಯ ಬಂಡೆ. ಮುಂಜಾನೆಯ ಎಳೆಬಿಸಿಲೋ ಸಂಜೆಯ ಇಳಿಬಿಸಿಲೋ ಓರೆಯಾಗಿ ಬಿದ್ದಾಗ ಗೆರೆಗಳಲ್ಲಿ ನೆರಳು ತುಂಬಿ, ತಿಮಿಂಗಿಲವು ಕಲ್ಲಿನಿಂದ ಮೇಲೆದ್ದಂತೆ ತೋರುತ್ತದೆ.

ಮರಳುಗಲ್ಲು ಮೃದು. ಮಳೆ, ಗಾಳಿ, ಕಾಡುಗಿಚ್ಚು, ನಡೆದಾಡುವವರ ಪಾದ—ಎಲ್ಲವೂ ಅದನ್ನು ಸವೆಸುತ್ತವೆ. ಹಾಗಾದರೆ ಈ ಗೆರೆಗಳು ಇಷ್ಟು ಕಾಲ ಬಾಳಿದ್ದೆಂತು? ಆಚರಣೆಯ ಸಂದರ್ಭಗಳಲ್ಲಿ ಹಳೆಯ ಗೆರೆಗಳನ್ನು ಮತ್ತೆ ಮತ್ತೆ ತೀಡಿ ಆಳಗೊಳಿಸುತ್ತಿದ್ದರೆಂದು ವಿದ್ವಾಂಸರ ಅಭಿಪ್ರಾಯ. ಚಿತ್ರವನ್ನು ಉಳಿಸಿದ್ದು ಕಲ್ಲಿನ ಗಟ್ಟಿತನವಲ್ಲ, ಕೈಗಳ ಪರಂಪರೆ.

ಆ ಪರಂಪರೆಗೆ ಆಘಾತ ಬಂದುದು ಹಠಾತ್ತಾಗಿ. 1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ನೆಲೆಯೂರಿದರು; ಮರುವರ್ಷವೇ ಸಿಡುಬಿನ ಮಾರಿ ಹಬ್ಬಿತು. ಆ ಪ್ರದೇಶದ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಮಡಿದರೆಂದು ಗವರ್ನರ್ ಆರ್ಥರ್ ಫಿಲಿಪ್ ಅಂದಾಜು ಮಾಡಿದನು. ಉಳಿದವರು ನೆಲ ಕಳೆದುಕೊಂಡು ಚದುರಿದರು. ಕೆಲವು ಬಂಡೆಗಳ ಮೇಲೆ ಪರಕೀಯರ ಹಾಯಿಹಡಗುಗಳೂ ಕೊರೆಯಲ್ಪಟ್ಟಿವೆ. ತಮ್ಮ ಲೋಕದೊಳಗೆ ನುಗ್ಗಿದುದನ್ನು ಅವರು ತಮ್ಮ ಲಿಪಿಯಲ್ಲಿಯೇ ದಾಖಲಿಸಿದರು. ಕ್ರಮೇಣ ತೀಡುವ ಕೈಗಳು ನಿಂತವು.

1964ರಲ್ಲಿ ಸಿಡ್ನಿಯ ಬಾಂಡೈ ಕಡಲತೀರದ ಬಳಿಯ ಇಂತಹುದೇ ಗೆರೆಗಳನ್ನು ಅಲ್ಲಿಯ ಪೌರಸಭೆ ಹೊಸದಾಗಿ ಕೊರೆಯಿಸಿತು. ಗೆರೆ ಸ್ಪಷ್ಟವಾಯಿತು, ನಿಜ. ಆದರೆ ಚಿತ್ರದ ಕಥೆಯನ್ನೂ ಅದನ್ನು ಮುಟ್ಟುವ ಅಧಿಕಾರವನ್ನೂ ಪರಂಪರೆಯಿಂದ ಪಡೆಯದ ಕೈ ಕೊರೆದರೆ ಅದು ಜೀರ್ಣೋದ್ಧಾರವೆನಿಸೀತೆ? 1974ರ ಕಾಯಿದೆಯು ಇಂತಹ ಅವಶೇಷಗಳಿಗೆ ಹಾನಿಮಾಡುವುದನ್ನು ಅಪರಾಧವೆಂದು ಸಾರಿತು.

ಆ ಜನರ ಸಂತತಿ ಅಳಿದಿಲ್ಲ. ಇಂದಿಗೂ ಸಿಡ್ನಿಯಲ್ಲಿಯೂ ಸುತ್ತಮುತ್ತಲೂ ಬಾಳುತ್ತಿದೆ. ಗೆರೆಗಳನ್ನು ಮತ್ತೆ ತೀಡಬೇಕೋ, ಮಾಸಲು ಬಿಡಬೇಕೋ ಎಂಬುದನ್ನು ನಿಶ್ಚಯಿಸಬೇಕಾದವರು ಅವರೇ. ನೋಡಹೋದವರ ಕರ್ತವ್ಯ ಅಲ್ಪವಾದರೂ ಮುಖ್ಯವಾದುದು: ಗೆರೆಗಳ ಮೇಲೆ ಕಾಲಿಡದಿರುವುದು, ಸೀಮೆಸುಣ್ಣದಿಂದ ಅವನ್ನು ತಿದ್ದದಿರುವುದು, ಬಂಡೆಯ ಅಂಚಿನಲ್ಲಿ ನಿಂತು ಬಿಸಿಲು ಇಳಿಯುವವರೆಗೆ ತಾಳ್ಮೆಯಿಂದ ಕಾಯುವುದು.